ಒಬ್ಬ ಕೈದಿ, ಮೂರು ಹೆಸರು

ಅಮೆರಿಕದ 1960-70ರ ದಶಕದ ಚಳವಳಿಗಳ ಬಗ್ಗೆ ಆಗಾಗ ಬರೆಯುತ್ತೇನಲ್ಲ, ಅದಕ್ಕೇ ಏನೋ, ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬ್ಲ್ಯಾಕ್ ಪ್ಯಾಂಥರ್ ಎಂಬ ಕಪ್ಪು ಜನರ ಹೋರಾಟದ ಪಕ್ಷದವರದ್ದು, ಜೈಲಿನಲ್ಲಿದ್ದ ಹೋರಾಟಗಾರರದ್ದು ಮೂಲ ದಾಖಲೆ ಹುಡುಕಿದೆ. ಏನೂ ಸಿಗಲಿಲ್ಲ. ಎಲ್ಲಾ ಸುಟ್ಟುಹಾಕಿದ್ದಾರಾ?"

ಇಲ್ಲ. ಒಂದಿಷ್ಟು ಹೋಗಿದೆ ನಿಜ, ಆದರೆ ರಾಶಿರಾಶಿ ಉಳಿದಿದೆ. ನೀವು ಕೂಗಿದ ಹೆಸರಿಗೆ ಅದು ಓಗೊಡುತ್ತಿಲ್ಲ, ಅಷ್ಟೇ.

ಕಪ್ಪು ಜನರ ಹೋರಾಟಗಾರ್ತಿ ಅಸಾಟಾ ಶಕೂರ್ ಅವರನ್ನೇ ತಗೊಳ್ಳಿ. 1977ರಲ್ಲಿ ನ್ಯೂಜೆರ್ಸಿಯಲ್ಲಿ ಶಿಕ್ಷೆಯಾಯಿತು, 1979ರಲ್ಲಿ ಜೈಲಿನಿಂದ ತಪ್ಪಿಸಿಕೊಂಡರು, ಆಮೇಲೆ ಕ್ಯೂಬಾ ಸೇರಿದರು. ಅವರ ಮೊಕದ್ದಮೆಯ ಕಾಗದಗಳಿಗಾಗಿ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಬರೀ ಕರಪತ್ರ, ಪೋಸ್ಟರ್ ಸಿಗುತ್ತಿದ್ದವು. ಕೋರ್ಟಿನದು ಒಂದು ಹಾಳೆಯೂ ಇಲ್ಲ. ಯಾಕೆಂದರೆ ಕೋರ್ಟಿಗೆ, ಪೊಲೀಸರಿಗೆ, ಆಗಿನ ಪತ್ರಿಕೆಗಳಿಗೆ ಅವರು ಜೋಆನ್ ಚೆಸಿಮಾರ್ಡ್. ಆ ಹೆಸರು ಹಾಕಿದ ಕೂಡಲೇ ಬಾಗಿಲು ತೆರೆಯಿತು. ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ ಅದು. ಸುಮ್ನೆ ಹೊಳೆದಿರಲಿಲ್ಲ.

ಪ್ಯಾಂಥರ್‌ಗಳಲ್ಲಿ ಇನ್ನಿಬ್ಬರನ್ನು ನೋಡಿ. ಜೆರೋನಿಮೊ ಪ್ರ್ಯಾಟ್ ಕೋರ್ಟಿನಲ್ಲಿ ಎಲ್ಮರ್ ಪ್ರ್ಯಾಟ್. ಸುಂಡಿಯಾಟಾ ಅಕೋಲಿ ಆರೋಪಪಟ್ಟಿಯಲ್ಲಿ ಕ್ಲಾರ್ಕ್ ಸ್ಕ್ವೈರ್. ಹುಟ್ಟಿದ ಹೆಸರು, ಹೋರಾಟದಲ್ಲಿ ಇಟ್ಟುಕೊಂಡ ಹೆಸರು, ಜೈಲು ಕೊಟ್ಟ ನಂಬರ್. ಒಬ್ಬರದೇ ಕಾಗದಗಳು ಈ ಮೂರರ ಕೆಳಗೆ ಮೂರು ಕಡೆ ಹಂಚಿಹೋಗಿರುತ್ತವೆ. ಯಾವ ಕಾಗದ ಬೇಕೋ, ಅದನ್ನು ಬರೆದವರು ಆ ಮನುಷ್ಯನನ್ನು ಏನಂತ ಕರೆಯುತ್ತಿದ್ದರು ಅಂತ ಮೊದಲು ಕೇಳಿಕೊಳ್ಳಿ.

"ರಾಜಕೀಯ ಕೈದಿ" ಎಂಬ ಪದಕ್ಕೂ ಇದೇ ಗತಿ. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಅನ್ನುವುದು ಅಮೆರಿಕ ಸರ್ಕಾರದ ಹಳೇ ಮಾತು. 1978ರಲ್ಲಿ ವಿಶ್ವಸಂಸ್ಥೆಯಲ್ಲಿದ್ದ ಅದರದೇ ರಾಯಭಾರಿ ಆಂಡ್ರ್ಯೂ ಯಂಗ್, ನಮ್ಮ ಜೈಲುಗಳಲ್ಲೂ ನೂರಾರು, ಬಹುಶಃ ಸಾವಿರಾರು ರಾಜಕೀಯ ಕೈದಿಗಳಿದ್ದಾರೆ ಎಂದು ಫ್ರೆಂಚ್ ಪತ್ರಿಕೆಯೊಂದಕ್ಕೆ ಹೇಳಿ ದೊಡ್ಡ ಗಲಾಟೆಯಾಯಿತು. ಇಲ್ಲವೇ ಇಲ್ಲ ಎಂದ ಮೇಲೆ ಅದಕ್ಕೊಂದು ಫೈಲು ಎಲ್ಲಿಂದ ಬರಬೇಕು? ಹಾಗಾಗಿ ಸರ್ಕಾರಿ ಕಡತದಲ್ಲಿ ಆ ಪದ ಹಾಕಿ ಹುಡುಕುವುದು ದಂಡ. ಬಿಡುಗಡೆಗಾಗಿ ಕಟ್ಟಿದ ಸಮಿತಿಗಳ ಹೆಸರು ಹಾಕಿ. ಸೋಲೆಡಾಡ್ ಬ್ರದರ್ಸ್ ಡಿಫೆನ್ಸ್ ಕಮಿಟಿ, ಆಟಿಕಾ ಬ್ರದರ್ಸ್ ಲೀಗಲ್ ಡಿಫೆನ್ಸ್, ಹೀಗೆ. ಚಂದಾ ಎತ್ತಿದ್ದು, ವಕೀಲರಿಗೆ ಬರೆದದ್ದು, ಸಭೆಗೆ ಹಾಲ್ ಹಿಡಿದದ್ದು ಎಲ್ಲಾ ಆ ಪೆಟ್ಟಿಗೆಗಳಲ್ಲಿರುತ್ತದೆ.

ಈಗ ಎಫ್‌ಬಿಐ, ಅಂದರೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ ಫೈಲುಗಳು. ನನಗೆ ಅತಿ ಜಾಸ್ತಿ ಕುತೂಹಲ ಇರುವುದು ಇಲ್ಲೇ. "ವಿಮೋಚನೆ" ಅಂತ ಹುಡುಕಿದರೆ ಅಲ್ಲಿ ಏನು ಸಿಗುತ್ತೆ ಹೇಳಿ? ಅವರ ಪ್ರಕಾರ ಅದು "ರೇಸಿಯಲ್ ಮ್ಯಾಟರ್ಸ್", ಜನಾಂಗದ ವಿಷಯ. ಕಪ್ಪು ಜನರ ಸಂಘಟನೆಗಳನ್ನು ಒಡೆಯಲು 1967ರ ಆಗಸ್ಟ್‌ನಲ್ಲಿ ಶುರುವಾದ ಗುಪ್ತ ಕಾರ್ಯಾಚರಣೆಯ ತಲೆಬರಹ "ಬ್ಲ್ಯಾಕ್ ನ್ಯಾಷನಲಿಸ್ಟ್ - ಹೇಟ್ ಗ್ರೂಪ್ಸ್". ಅದರ ಕೇಂದ್ರ ಕಚೇರಿಯ ಫೈಲ್ ನಂಬರ್ 100-448006. ಹೆಸರಿಗಿಂತ ಈ ನಂಬರ್ ಹಿಡಿದು ಹೋದರೆ ಬೇಗ ತಲುಪುತ್ತೀರಿ.

ಎಫ್‌ಬಿಐನ ಇಂಥ ಗುಪ್ತ ಕಾರ್ಯಾಚರಣೆಗಳಿಗೆಲ್ಲ ಸೇರಿ ಕೊಯಿಂಟೆಲ್‌ಪ್ರೊ ಅಂತ ಹೆಸರು. ಆ ಹೆಸರು ಜನರಿಗೆ ತಿಳಿದದ್ದೇ ಒಂದು ಕಳ್ಳತನದಿಂದ. 1971ರ ಮಾರ್ಚ್ 8ರ ರಾತ್ರಿ ದೇಶವೆಲ್ಲ ಮಹಮ್ಮದ್ ಅಲಿ-ಫ್ರೇಜಿಯರ್ ಕುಸ್ತಿಯ, ಅಲ್ಲಲ್ಲ, ಬಾಕ್ಸಿಂಗ್‌ನ ಗುಂಗಿನಲ್ಲಿತ್ತು. ಆಗ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಪುಟ್ಟ ಊರಿನ ಎಫ್‌ಬಿಐ ಕಚೇರಿಗೆ ಕೆಲವರು ನುಗ್ಗಿ ಸಾವಿರಕ್ಕೂ ಹೆಚ್ಚು ದಾಖಲೆ ಹೊತ್ತೊಯ್ದರು. ಅವುಗಳಲ್ಲಿ ಕಾಗದ ಯಾರಿಂದ ಯಾರಿಗೆ ಹೋಗಬೇಕು ಎಂದು ಬರೆದ ಒಂದು ಚೀಟಿ. ಅದರ ಮೇಲೆ ಈ ವಿಚಿತ್ರ ಪದ. ಕಾರ್ಲ್ ಸ್ಟರ್ನ್ ಎಂಬ ಟಿವಿ ಪತ್ರಕರ್ತ ಅದೇನೆಂದು ಕೇಳಿ ಕೋರ್ಟಿಗೆ ಹೋಗಿ, 1973ರಲ್ಲಿ ಮೊದಲ ಕಾಗದಗಳನ್ನು ಹೊರಗೆ ತರಿಸಿದರು. ಹೆಸರು ಗೊತ್ತಾದ ಮೇಲಲ್ಲವೇ ಕೇಳಲು ಸಾಧ್ಯವಾದದ್ದು?

ಆ ಫೈಲು ತೆರೆದರೆ ಮೊದಲು ಕಾಣುವುದು ಅಕ್ಷರ ಮುಚ್ಚಲು ಸಾಲುಗಳ ಮೇಲೆ ಎಳೆದ ಕಪ್ಪು ಪಟ್ಟಿ. ಎಷ್ಟೋ ಜನ ಅಲ್ಲೇ ಬೇಸತ್ತು ಮುಚ್ಚಿಬಿಡುತ್ತಾರೆ. ಪಟ್ಟಿಯ ಪಕ್ಕ, ಅಂಚಿನಲ್ಲಿ, ಸಣ್ಣದಾಗಿ ಬರೆದಿರುತ್ತಾರೆ, ನೋಡಿ. ಬಿ7ಸಿ ಅಂತಿದ್ದರೆ ಯಾರದೋ ಖಾಸಗಿತನ ಕಾಪಾಡಲು ಮುಚ್ಚಿದ್ದು. ಬಿ7ಡಿ ಅಂತಿದ್ದರೆ ಗುಟ್ಟಾಗಿ ಸುದ್ದಿ ಕೊಟ್ಟ ಮೂಲವನ್ನು ಮುಚ್ಚಿದ್ದು. ಒಂದೇ ಸಭೆಯ ವರದಿಯಲ್ಲಿ ಪುಟದಿಂದ ಪುಟಕ್ಕೆ ಬಿ7ಡಿ ಬರುತ್ತಿದ್ದರೆ ಕೋಣೆಯೊಳಗೇ ಒಂದು ಕಿವಿ ಇತ್ತು ಅಂತ ಲೆಕ್ಕ. ಯಾರದು ಅಂತ ಊಹಿಸಲು ಮಾತ್ರ ಹೋಗಬೇಡಿ. ಆಗಲೇ ಅಂಥ ಊಹೆಗಳಿಂದ ಜನ ಸತ್ತಿದ್ದಾರೆ.

ಇನ್ನೊಂದು ಎಚ್ಚರಿಕೆ. ಚಳವಳಿಯವರ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರ ಚಳವಳಿಯವರೇ ಬರೆದದ್ದು ಅಂತ ನಂಬಬೇಡಿ. 1969ರ ಜನವರಿಯಲ್ಲಿ ಚಿಕಾಗೊದ ಜೆಫ್ ಫೋರ್ಟ್ ಎಂಬ ಗ್ಯಾಂಗ್ ನಾಯಕನಿಗೆ ಕಳಿಸಲು ಒಂದು ಪತ್ರ ತಯಾರಾಯಿತು. ಪ್ಯಾಂಥರ್‌ಗಳು ನಿನ್ನನ್ನು ಮುಗಿಸಲು ನೋಡುತ್ತಿದ್ದಾರೆ ಅಂತ ಅದರ ಸಾರಾಂಶ. ಕೆಳಗೆ, ನಿನಗೆ ಪರಿಚಯವಿಲ್ಲದ ಒಬ್ಬ ಕಪ್ಪು ಸಹೋದರ ಎಂಬ ಸಹಿ. ಬರೆದದ್ದು ಎಫ್‌ಬಿಐ. ನಮಗೆ ಹೇಗೆ ಗೊತ್ತು? ಕರಡನ್ನೂ ಅದಕ್ಕೆ ಮೇಲಿನವರು ಕೊಟ್ಟ ಒಪ್ಪಿಗೆಯನ್ನೂ ನೀಟಾಗಿ ಫೈಲಿಗೆ ಹಾಕಿಟ್ಟಿದ್ದರು! ಗುಮಾಸ್ತಗಿರಿಯ ಶಿಸ್ತು ಅಂದರೆ ಇದು. ಬರೆದವರ ಹೆಸರಿಲ್ಲದ, ಎರಡು ಗುಂಪುಗಳ ನಡುವೆ ಕಡ್ಡಿ ಆಡಿಸುವಂಥ ಪತ್ರ ಕೈಗೆ ಬಂದರೆ ಅದೇ ತಿಂಗಳ ಎಫ್‌ಬಿಐ ಕಾಗದಗಳನ್ನೂ ಪಕ್ಕದಲ್ಲಿಟ್ಟು ಓದಿ.

ಹೆಸರಿನಿಂದ ಸಿಗದಿದ್ದರೆ ತಾರೀಖಿನಿಂದ ಹುಡುಕಿ, ಅದೂ ಎರಡು-ಮೂರು ವಾರ ಹಿಂದಿನಿಂದ. ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ದಂಗೆ 1971ರ ಸೆಪ್ಟೆಂಬರ್ 9ರದು. ಎಲ್ಲರೂ ಅಲ್ಲಿಂದಲೇ ಓದುತ್ತಾರೆ. ಆದರೆ ಆಗಸ್ಟ್ 21ಕ್ಕೆ ದೇಶದ ಆ ತುದಿಯ, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕೈದಿ, ಲೇಖಕ ಜಾರ್ಜ್ ಜ್ಯಾಕ್ಸನ್ ಗುಂಡಿಗೆ ಬಲಿಯಾಗಿದ್ದರು. ಮರುದಿನ ಬೆಳಿಗ್ಗೆ ಆಟಿಕಾದ ಕೈದಿಗಳು ಕಪ್ಪು ಪಟ್ಟಿ ಕಟ್ಟಿಕೊಂಡು, ತಿಂಡಿ ಮುಟ್ಟದೆ, ಮಾತಿಲ್ಲದೆ ಕುಳಿತರು. ಸೆಪ್ಟೆಂಬರ್‌ನಿಂದ ಶುರು ಮಾಡಿದರೆ ಆ ಬೆಳಗು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಧ್ವನಿಮುದ್ರಣಗಳ ಕಥೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1999ರಲ್ಲಿ ಶುರುವಾದ ಫ್ರೀಡಂ ಆರ್ಕೈವ್ಸ್‌ನಲ್ಲಿ 10,000 ಗಂಟೆಗೂ ಮೀರಿದ ಆಡಿಯೋ, ವಿಡಿಯೋ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ಲಾಡ್ ಮಾರ್ಕ್ಸ್ ಸ್ವತಃ ಎಫ್‌ಬಿಐ ಹುಡುಕುತ್ತಿದ್ದ ವ್ಯಕ್ತಿ. 1994ರಲ್ಲಿ ಶರಣಾಗಿ ಜೈಲುವಾಸ ಮುಗಿಸಿ ಬಂದವರು. ಟೇಪಿನೊಳಗಿನ ಮಾತನ್ನು ಹಾಳೆಯ ಹಾಗೆ ತಿರುವಿ ನೋಡಲಾಗುವುದಿಲ್ಲ. ಡಬ್ಬದ ಮೇಲೆ ಯಾರೋ ಪೆನ್ನಿನಲ್ಲಿ ಗೀಚಿದ ಎರಡು ಪದವನ್ನೇ ನಂಬಿ ಪಟ್ಟಿ ಮಾಡಿರುತ್ತಾರೆ. 70ರ ದಶಕದ ಕೆಲವು ಟೇಪುಗಳಂತೂ ತೇವ ಹೀರಿ ಅಂಟಂಟಾಗಿ ಸುತ್ತುವುದೇ ಇಲ್ಲ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿ ನುಡಿಸಿಕೊಳ್ಳಬೇಕು. ಬೇಯಿಸುವುದು ಅಂತಲೇ ಅದಕ್ಕೆ ಹೆಸರು. ಆದ್ದರಿಂದ ಭಾಷಣ ಮಾಡಿದವರ ಹೆಸರು ಸಿಗದಿದ್ದರೆ ರೇಡಿಯೋ ಕಾರ್ಯಕ್ರಮದ ಹೆಸರು, ಸಭೆ ನಡೆದ ಊರು ಹಾಕಿ ನೋಡಿ.

ಕೊನೆಗೆ ತಾರೀಖಿಲ್ಲದ ಕರಪತ್ರಗಳು. ಇವು ಎಲ್ಲಾ ಪೆಟ್ಟಿಗೆಯ ತಳದಲ್ಲೂ ಇರುತ್ತವೆ. ಮೂಲನಿವಾಸಿ ಹೋರಾಟಗಾರ ಲೆನರ್ಡ್ ಪೆಲ್ಟಿಯರ್ ಬಿಡುಗಡೆಗಾಗಿ ದಶಕಗಟ್ಟಲೆ ಕರಪತ್ರ ಹಂಚಿದರು. 2025ರ ಫೆಬ್ರವರಿಯಲ್ಲಿ ಅವರನ್ನು ಗೃಹಬಂಧನಕ್ಕೆ ಕಳಿಸುವವರೆಗೂ ಹಂಚಿದರು. ಮಾತೆಲ್ಲ ಒಂದೇ ಥರ, ಫೋಟೋ ಕೂಡ ಅದೇ. ಹಾಳೆಯ ತಳಕ್ಕೆ ಹೋಗಿ. ಪತ್ರ ಬರೆಯಿರಿ ಎಂದು ವಿಳಾಸ ಕೊಟ್ಟಿರುತ್ತಾರಲ್ಲ, ಅಲ್ಲಿ ಲೆವನ್‌ವರ್ತ್ ಜೈಲು ಎಂದಿದ್ದರೆ ಅದು 2005ಕ್ಕಿಂತ ಈಚಿನದಲ್ಲ. ಫ್ಲಾರಿಡಾದ ಕೋಲ್ಮನ್ ಎಂದಿದ್ದರೆ 2011ರಿಂದ ಈಚಿನದು. ಹೆಸರಿನ ಪಕ್ಕ ಪ್ರತಿ ಸಲವೂ ಅದೇ ಕೈದಿ ನಂಬರ್, 89637-132.