ಆರು ಟನ್ನಿನ ಲೇಥು, ನಾಲ್ಕು ಬೆಲ್ಟು

ಶನಿವಾರ, 14 ಜೂನ್ 2025
ಹುಬ್ಬಳ್ಳಿ

ತಾರಿಹಾಳದಿಂದ ಅಂಕೋಲಾಕ್ಕೆ ಇವತ್ತು ಒಂದು ಹಳೇ ಲೇಥ್, ಅಂದರೆ ಕಬ್ಬಿಣ ಕಡೆಯುವ ಮಷೀನು ಹೊರಟಿತು. ತೂಕ 6 ಟನ್. ಪಕ್ಕದ ಹಲಗೆ ಇಲ್ಲದ ಚಪ್ಪಟೆ ಲಾರಿ, ಕಟ್ಟಿಗೆಯ ನೆಲ. ಹೊಸ ಕ್ಲೀನರ್ ಹುಡುಗ ಲೋಡು ಕಟ್ಟುವ ಬೆಲ್ಟಿಗೆ ಹೊಲಿದ ನೀಲಿ ಚೀಟಿ ಓದಿ, "ಅಣ್ಣಾರ, 2500 ಅಂತ ಬರದಾರ. ಮೂರು ಹಾಕಿದ್ರ ಏಳೂವರಿ ಟನ್ ಆತಲ್ರೀ?" ಅಂದ. ವರ್ಷಗಟ್ಟಲೆ ಲೋಡು ಕಟ್ಟಿದವರೂ ಎಡವುವುದು ಇಲ್ಲೇ.

ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ. ಎಲ್‌ಸಿ 2500 ಅಂದರೆ ನೇರವಾಗಿ ಎಳೆದಾಗ ಬೆಲ್ಟು ತಾಳಿಕೊಳ್ಳುವ ಬಲ, ಹೆಚ್ಚುಕಡಿಮೆ ಎರಡೂವರೆ ಟನ್. ಅದರ ಹತ್ತಿರವೇ ಎಸ್‌ಟಿಎಫ್ 350 ಅಂತಿರುತ್ತದೆ. ಬೆಲ್ಟು ಬಿಗಿಯುವ ಹಲ್ಲುಗಾಲಿ, ಅಂದರೆ ರ‍್ಯಾಚೆಟ್, ಅದರ ಹಿಡಿಕೆಗೆ ಕೈಯಿಂದ 50 ಕೆಜಿ ಬಲ ಹಾಕಿದರೆ ಬೆಲ್ಟಿನಲ್ಲಿ ನಿಲ್ಲುವ ಬಿಗಿ ಇದು, ಸುಮಾರು 350 ಕೆಜಿ. ಮಷೀನಿನ ನೆತ್ತಿಯ ಮೇಲೆ ಹಾಯಿಸಿ ಕಟ್ಟುವಾಗ ಲೆಕ್ಕಕ್ಕೆ ಬರುವುದು ಈ ಸಣ್ಣ ಅಂಕಿ. ಬೆಲ್ಟು ಮಷೀನನ್ನು ನೆಲಕ್ಕೆ ಒತ್ತುತ್ತದೆ, ಅಷ್ಟೇ ಅದರ ಕೆಲಸ. ಜಾರದಂತೆ ಹಿಡಿಯುವುದು ಪಾದದ ಕೆಳಗಿನ ಘರ್ಷಣೆ.

ಜೋರಾಗಿ ಬ್ರೇಕ್ ಹೊಡೆದರೆ ಲೋಡು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಅಂತ ಹಿಡಿಯಬೇಕು. 6 ಟನ್ನಿಗೆ 4.8 ಟನ್. ಕಟ್ಟಿಗೆಯ ಮೇಲೆ ಕಬ್ಬಿಣದ ಘರ್ಷಣೆ 0.3 ಅಂದುಕೊಂಡರೆ ಮಷೀನಿನ ಸ್ವಂತ ಭಾರವೇ 1.8 ಟನ್ ತಡೆಯುತ್ತದೆ, 3 ಟನ್ ಉಳಿಯುತ್ತದೆ. ಒಂದು ಬೆಲ್ಟು ಎರಡೂ ಬದಿ ಸೇರಿ 700 ಕೆಜಿ ಒತ್ತುತ್ತದೆ, ಅದರ 0.3 ಅಂದರೆ ಬರೀ 210 ಕೆಜಿ. ಉಳಿದ 3 ಟನ್ನಿಗೆ ಕಾಲುಪಾಲು ಸುರಕ್ಷೆಗೆ ಸೇರಿಸಿ 210ರಿಂದ ಭಾಗಿಸಿದರೆ 18 ಬೆಲ್ಟು! ಅದೇ ಪಾದದ ಕೆಳಗೆ 8 ಎಂಎಂ ದಪ್ಪದ, ಜಾರದ ರಬ್ಬರ್ ಚಾಪೆ ಹಾಕಿದರೆ ಘರ್ಷಣೆ 0.6 ಆಗುತ್ತದೆ. ಉಳಿಯುವುದು 1.2 ಟನ್, ಬೆಲ್ಟಿಗೆ 420 ಕೆಜಿ. ನಾಲ್ಕು ಬೆಲ್ಟು ಸಾಕು. ಹದಿನಾಲ್ಕು ಬೆಲ್ಟಿನ ಕೆಲಸವನ್ನು ನಾಲ್ಕು ತುಂಡು ರಬ್ಬರ್ ಮಾಡುತ್ತದೆ ಅಂದರೆ ಹುಡುಗ ನಂಬಲಿಲ್ಲ, ಕಾಗದದ ಮೇಲೆ ಮತ್ತೊಮ್ಮೆ ಮಾಡಿಸಬೇಕಾಯಿತು.

ಈ ಲೆಕ್ಕ ನಿಲ್ಲಬೇಕಾದರೆ ನೆಲ ಒಣಗಿರಬೇಕು, ಕಸಬರಿಗೆ ಆಡಿರಬೇಕು. ಲೇಥಿನ ಪಾದಕ್ಕೆ ಎಣ್ಣೆ ಮೆತ್ತಿಕೊಂಡೇ ಇರುತ್ತದೆ, ಕ್ರೇನಿನಲ್ಲಿ ತೂಗಾಡುತ್ತಿರುವಾಗಲೇ ಹಗ್ಗದಿಂದ ಬದಿಗೆ ಜಗ್ಗಿ, ಕೆಳಗೆ ಕೈ ಹಾಕದೆ, ಉದ್ದ ಕೋಲಿಗೆ ಅರಿವೆ ಸುತ್ತಿ ಒರೆಸಬೇಕು. ಚಾಪೆ ಪಾದಕ್ಕಿಂತ ಸ್ವಲ್ಪ ದೊಡ್ಡದಿರಲಿ. ಪಾದದ ಒಂದು ಮೂಲೆ ಕಟ್ಟಿಗೆಗೆ ತಾಗಿದರೂ ಆ ಮೂಲೆಯಲ್ಲಿ ಮತ್ತೆ 0.3.

ಇನ್ನು ಕೋನ. ಬೆಲ್ಟು ನೆಟ್ಟಗೆ ಕೆಳಗಿಳಿದರೆ ಮಾತ್ರ ಪೂರ್ತಿ ಒತ್ತು. ನೆಲಕ್ಕೆ 30 ಡಿಗ್ರಿಯಷ್ಟು ಓರೆಯಾಗಿ ಮಲಗಿದರೆ ಅರ್ಧಕ್ಕರ್ಧ ಹೋಯಿತು. ರ‍್ಯಾಚೆಟ್ ಇರುವ ಬದಿಗೆ ಬಿಗಿ ಜಾಸ್ತಿ, ಮೂಲೆ ತಿರುಗಿ ಆಚೆ ಹೋಗುವಷ್ಟರಲ್ಲಿ ಕಡಿಮೆ. ಅದಕ್ಕೇ ಒಂದರ ರ‍್ಯಾಚೆಟ್ ಎಡಕ್ಕಾದರೆ ಮುಂದಿನದು ಬಲಕ್ಕೆ. ಸಡಿಲವನ್ನೆಲ್ಲ ಮೊದಲು ಕೈಯಿಂದ ಜಗ್ಗಿ, ಆಮೇಲೆ ಹಿಡಿಕೆ ಆಡಿಸಬೇಕು. ರ‍್ಯಾಚೆಟ್ಟಿನ ಉರುಳೆಗೆ ಸುತ್ತು ಒಂದೂವರೆಗಿಂತ ಕಡಿಮೆ ಆದರೆ ಬೆಲ್ಟು ಜಾರುತ್ತದೆ, ಮೂರಕ್ಕಿಂತ ಹೆಚ್ಚಾದರೆ ಉಂಡೆಗಟ್ಟಿ ಸಿಕ್ಕಿಕೊಳ್ಳುತ್ತದೆ. ಹಿಡಿಕೆಗೆ ಪೈಪು ತುರುಕುವುದು ಬೇಡವೇ ಬೇಡ. ಹಲ್ಲು ಮುರಿದು ಹಿಡಿಕೆ ತಿರುಗಿ ಮುಖಕ್ಕೆ ಬಡಿಯುತ್ತದೆ. ಎರಕದ ಮೂಲೆ ಕತ್ತಿಯ ಹಾಗಿರುತ್ತದೆ, ಬೆಲ್ಟಿನ ಕೆಳಗೆ ಹಳೇ ಟಯರಿನ ತುಂಡಾದರೂ ಇರಲಿ. ಗಂಟು ಹಾಕಿದ ಬೆಲ್ಟು, ಅಂಚು ಹರಿದ ಬೆಲ್ಟು ಗುಜರಿಗೆ.

ಲೇಥಿನ ಭಾರವೆಲ್ಲ ಹೆಡ್‌ಸ್ಟಾಕ್, ಅಂದರೆ ಗೇರು ಇರುವ ತುದಿಯ ಕಡೆ. ಆ ತುದಿಯನ್ನು ಕ್ಯಾಬಿನ್ ಕಡೆಗೆ ಮಾಡಿ, ಒಟ್ಟು ತೂಕದ ನಡು ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಬರುವಂತೆ ಇಳಿಸಿದ್ದು. ತೀರಾ ಹಿಂದಾದರೆ ಸ್ಟೇರಿಂಗ್ ಹಗುರಾಗುತ್ತದೆ. ಮುಂದಿನ ತಡೆಗೂ ಮಷೀನಿಗೂ ನಡುವೆ ಉಳಿದ ಜಾಗಕ್ಕೆ ಕಟ್ಟಿಗೆ ತೊಲೆ ತುಂಬಿ ಮೊಳೆ ಹೊಡೆದಾಯಿತು.

ಅಂಕೋಲಾ ಅಂದರೆ ಅರಬೈಲ್ ಘಟ್ಟ, ಮೇಲೆ ಮಳೆ. ಅದಕ್ಕಾಗಿ 8 ಎಂಎಂನ ಗ್ರೇಡ್ 80 ಸರಪಳಿ ಎರಡು, ಒಂದೊಂದೂ 4 ಟನ್ ತಾಳುವಂಥವು, ಲೇಥಿನ ಬೆಡ್ಡಿನಿಂದ, ಅಂದರೆ ಉದ್ದನೆಯ ಎರಕದ ತಳದಿಂದ, ಲಾರಿಯ ಹಿಂದಿನ ಎರಡು ಕೊಂಡಿಗೆ ಓರೆಯಾಗಿ. ಸರಪಳಿ ಸಿಕ್ಕಿಸುವುದು ಬೆಡ್ಡಿನ ಎರಕಕ್ಕೆ; ತಿರುಗುವ ನಾಜೂಕು ಭಾಗಗಳಾದ ಸ್ಪಿಂಡಲ್‌ಗೋ ಲೀಡ್ ಸ್ಕ್ರೂಗೋ ಸಿಕ್ಕಿಸಿದರೆ ಅಂಕೋಲಾದಲ್ಲಿ ಇಳಿಯುವುದು ಗುಜರಿ. ಹಿಂದಕ್ಕೆ ಎಳೆಯುವ ಈ ಜೋಡಿಯಲ್ಲಿ ಒಂದು ಸರಪಳಿ, ಒಂದು ಬೆಲ್ಟು ಅಂತ ಬೆರೆಸಬಾರದು. ಬೆಲ್ಟು ಹಿಗ್ಗುತ್ತದೆ, ಸರಪಳಿ ಹಿಗ್ಗದು, ಭಾರವೆಲ್ಲ ಅದೊಂದರ ಮೇಲೇ ಬೀಳುತ್ತದೆ.

ಅಗಲ 2.6 ಮೀಟರ್ ಒಳಗಿದೆ. ಹೊರಗೆ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಯ 194ರ ಪ್ರಕಾರ 20,000 ರೂಪಾಯಿ ದಂಡ.

ಮೊದಲ 30 ಕಿ.ಮೀ.ಯಲ್ಲಿ ಲೋಡು ಕುಳಿತುಕೊಳ್ಳುತ್ತದೆ, ಬೆಲ್ಟು ಸಡಿಲಾಗುತ್ತದೆ. ಕಲಘಟಗಿಯಲ್ಲಿ ಒಮ್ಮೆ, ಘಟ್ಟ ಇಳಿಯುವ ಮೊದಲು ಯಲ್ಲಾಪುರದಲ್ಲಿ ಇನ್ನೊಮ್ಮೆ ನಿಲ್ಲಿಸಿ ನೋಡು ಅಂತ ಹುಡುಗನಿಗೆ ಹೇಳಿ ಕಳಿಸಿದ್ದೆ. ನಾಲ್ಕೂವರೆಗೆ ಕಲಘಟಗಿಯಿಂದ ಹುಡುಗನ ಫೋನು: "ಮುಂದಿನ ಎರಡು ಗಟ್ಟಿ ಅದಾವ್ರೀ. ಹಿಂದಿನದು ಮೂರು ಹಲ್ಲು ತಗೊಂತು."