ಆಂಡ್ರೋಸ್‌ಗೆ ಹೊರಟವರು ಖೋರಾದಲ್ಲೇ ಉಳಿಯಿರಿ

ಗ್ರೀಸಿನ ಆಂಡ್ರೋಸ್ ದ್ವೀಪಕ್ಕೆ ಹಡಗು ಹೊರಡುವುದು ಅಥೆನ್ಸ್‌ನ ಮುಖ್ಯ ಬಂದರು ಪಿರೇಯಸ್‌ನಿಂದಲ್ಲ, ರಫೀನಾ ಬಂದರಿನಿಂದ. ಅಥೆನ್ಸ್ ವಿಮಾನ ನಿಲ್ದಾಣದಿಂದ ಅಲ್ಲಿಗೆ ನೇರ ಬಸ್ಸಿದೆ, ನಗರಕ್ಕೆ ಹೋಗುವ ಗೋಜಿಲ್ಲ. ಸುಮಾರು ಎರಡು ಗಂಟೆಯ ಪಯಣ. ಅದೇ ಹಡಗು ಮುಂದೆ ಹೆಸರಾಂತ ಮಿಕೊನೋಸ್ ದ್ವೀಪಕ್ಕೂ ಹೋಗುವುದರಿಂದ ವಿದೇಶಿ ಪ್ರವಾಸಿಗರಲ್ಲಿ ಬಹುಪಾಲು ಮಂದಿ ಇಲ್ಲಿ ಇಳಿಯುವುದೇ ಇಲ್ಲ. ಒಳ್ಳೆಯದೇ ಆಯಿತೆನ್ನಿ.

ಹಡಗು ನಿಲ್ಲುವುದು ಗಾವ್ರಿಯೋದಲ್ಲಿ. ದ್ವೀಪದ ಮುಖ್ಯ ಪಟ್ಟಣವಾದ ಖೋರಾ ಇರುವುದು ಇನ್ನೊಂದು ಮಗ್ಗುಲಲ್ಲಿ, ಮೂವತ್ತು ಕಿಲೋಮೀಟರಿಗೂ ಆಚೆ. ಹಡಗಿನ ವೇಳೆಗೆ ಹೊಂದಿಸಿ ಬಸ್ಸು ಬಿಡುತ್ತಾರೆ. ಅದು ತಪ್ಪಿದರೆ ಟ್ಯಾಕ್ಸಿಗೆ ಜೇಬು ಸಡಿಲಿಸಬೇಕು. ಫೋಟೊ ಆಮೇಲೆ ತೆಗೆದರಾಯಿತು, ಮೊದಲು ಬಸ್ಸು ಹತ್ತಿ. ದಾರಿಯುದ್ದಕ್ಕೂ ತಿರುವುಗಳು, ಹೊಟ್ಟೆ ತೊಳಸುವವರು ಮುಂದೆ ಕೂರುವುದು ಲೇಸು.

ಎರಡು ಕೊಲ್ಲಿಗಳ ನಡುವೆ ಸಮುದ್ರಕ್ಕೆ ಚಾಚಿದ ಕಿರಿದಾದ ಬಂಡೆಯ ಮೇಲಿದೆ ಖೋರಾ. ಅಮೃತಶಿಲೆ ಹಾಸಿದ ಮುಖ್ಯ ಬೀದಿಯಲ್ಲಿ ವಾಹನ ಓಡುವುದಿಲ್ಲ, ಹಾಗಾಗಿ ಸಾಮಾನು ಹಗುರವಿರಲಿ. ಇಲ್ಲಿನ ದೊಡ್ಡ ಮನೆಗಳು ಎದ್ದದ್ದು ಹಡಗಿನ ದುಡ್ಡಿನಿಂದ. ಎಂಬಿರಿಕೋಸ್, ಗೂಲಾಂಡ್ರಿಸ್‌ನಂತಹ ನೌಕಾ ಮನೆತನಗಳ ಊರಿದು. ಆದರೂ ಊರ ತುದಿಯ ಚೌಕದಲ್ಲಿ ನಿಂತಿರುವುದು ಯಾವ ಧಣಿಯೂ ಅಲ್ಲ, ಹೆಗಲಿಗೆ ಗಂಟು ಹಾಕಿಕೊಂಡು ಕೈಯೆತ್ತಿದ ಅಜ್ಞಾತ ನಾವಿಕ. ಈ ಕಂಚಿನ ಪ್ರತಿಮೆಯ ಬಳಿಯೇ ನೌಕಾ ಸಂಗ್ರಹಾಲಯವಿದೆ. ಹಡಗಿನ ಮಾದರಿಗಳು, ದಿನಚರಿ ಪುಸ್ತಕಗಳನ್ನು ನಿಧಾನವಾಗಿ ನೋಡಬೇಕು. ಬಾಗಿಲು ತೆರೆದಿರುವ ಹೊತ್ತು ಕಡಿಮೆ, ಉಳಿದುಕೊಂಡ ಮನೆಯವರನ್ನು ಕೇಳಿಕೊಂಡೇ ಹೊರಡಿ. ಎದುರಿಗೆ ಬಂಡೆಯೊಂದರ ಮೇಲೆ ಒಂಟಿಯಾಗಿ ನಿಂತಿದೆ ತೂರ್ಲಿತಿಸ್ ದೀಪಸ್ತಂಭ. ಕಲಾಸಕ್ತರಿಗೆ ಗೂಲಾಂಡ್ರಿಸ್ ದಂಪತಿ 1979ರಲ್ಲಿ ತೆರೆದ ಸಮಕಾಲೀನ ಕಲಾ ಸಂಗ್ರಹಾಲಯವೂ ಇದೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ದ್ವೀಪದ ಹೆಸರಾಂತ ಆಮ್ಲೆಟ್ ಫ್ರುತಾಲ್ಯದಲ್ಲಿ ಮೊಟ್ಟೆ, ಆಲೂಗಡ್ಡೆಯ ಜೊತೆ ಹಂದಿ ಸಾಸೇಜ್ ಇರುತ್ತದೆ, ಅದನ್ನು ಬಿಡಿ. ಬೇಯಿಸಿದ ಸೊಪ್ಪು, ಬೇಳೆಯ ಫಾವಾ, ಸ್ಥಳೀಯ ಚೀಸ್ ಧಾರಾಳವಾಗಿ ಸಿಗುತ್ತವೆ. ಗ್ರೀಕ್ ಕ್ರೈಸ್ತರ ಉಪವಾಸದ ಅಡುಗೆ, ಅಂದರೆ 'ನಿಸ್ತೀಸಿಮೊ', ಕೇಳಿದರೆ ಮಾಂಸ, ಮೊಟ್ಟೆ, ಹಾಲು ಇಲ್ಲದ ತಿನಿಸು ಕೊಡುತ್ತಾರೆ. ಆದರೆ ಅವರ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ನಿಷಿದ್ಧವಲ್ಲ! ತಟ್ಟೆಗೆ ಏನು ಬರುತ್ತದೆಂದು ಇನ್ನೊಮ್ಮೆ ವಿಚಾರಿಸಿ.

ಜುಲೈ, ಆಗಸ್ಟ್‌ನಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಅದು ರಭಸವಾದಾಗ ಹಡಗುಗಳನ್ನು ಬಂದರಿನಲ್ಲೇ ತಡೆಯುತ್ತಾರೆ. ಭಾರತಕ್ಕೆ ಮರಳುವ ವಿಮಾನವನ್ನು ದ್ವೀಪ ಬಿಡುವ ದಿನವೇ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿ ಅಥೆನ್ಸ್‌ನಲ್ಲೋ ರಫೀನಾದಲ್ಲೋ ಇರುವಂತೆ ಟಿಕೆಟ್ ಮಾಡಿಸಿ.