ಹನ್ನೆರಡು ಗೇರಿಗೆ ಬದಲಾವಣೆ, ಎರಡನೆಯ ಹಂತ: ಚೈನಿನ ಉದ್ದ

ಹನ್ನೊಂದು ಗೇರಿನ ಮೌಂಟನ್ ಬೈಕನ್ನು ಹನ್ನೆರಡು ಗೇರಿಗೆ ಬದಲಾಯಿಸುವ ಕೆಲಸದಲ್ಲಿ ಫ್ರೀಹಬ್ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ), ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಶಿಫ್ಟರ್ (ಹ್ಯಾಂಡಲಿನ ಮೇಲಿನ ಗೇರ್ ಗುಂಡಿ) ಮತ್ತು ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ತಮ್ಮ ಜಾಗದಲ್ಲಿ ಕೂತಿವೆ. ಡಿರೈಲರನ್ನು ಹೊರುವ ಹ್ಯಾಂಗರ್ ಬಾಗಿಲ್ಲವೆಂದು ಅಳೆದು ನೋಡಿದ್ದಾಗಿದೆ, ಡಿರೈಲರ್ ಎರಡೂ ಬದಿಗೆ ಎಷ್ಟು ಸರಿಯಬಹುದೆಂದು ನಿರ್ಧರಿಸುವ ಮಿತಿ ಸ್ಕ್ರೂಗಳನ್ನೂ ಒರಟಾಗಿ ಹೊಂದಿಸಿದ್ದೇನೆ. ಈ ಹಂತದ ಕೆಲಸ ಚೈನಿನ ಉದ್ದವನ್ನು ನಿರ್ಧರಿಸಿ ಕತ್ತರಿಸುವುದು. ಮುಂದಿನ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ) ಹಿಂದಿನಂತೆಯೇ 32 ಹಲ್ಲಿನದು. ಕ್ಯಾಸೆಟ್ ಮೊದಲು 11ರಿಂದ 46 ಹಲ್ಲಿನದಿತ್ತು, ಈಗಿನದು 10ರಿಂದ 51 ಹಲ್ಲಿನದು. ಬೈಕಿಗೆ ಹಿಂಬದಿಯಲ್ಲೂ ಸಸ್ಪೆನ್ಷನ್ ಇದೆ, ಲೆಕ್ಕವನ್ನು ಸ್ವಾರಸ್ಯಕರವಾಗಿಸುವುದು ಅದೇ.

ಹಳೆಯ ಚೈನನ್ನು ಪಕ್ಕದಲ್ಲಿ ತೂಗುಬಿಟ್ಟು ಅದರ ಅಳತೆಗೇ ಹೊಸದನ್ನು ಕತ್ತರಿಸುವುದು ಅನೇಕರ ರೂಢಿ. ಇಲ್ಲಿ ಅದು ಎರಡು ಕಾರಣಗಳಿಗೆ ಹೊಂದುವುದಿಲ್ಲ. ಚೈನು ಹಲ್ಲುಚಕ್ರವನ್ನು ಸುಮಾರು ಅರ್ಧ ಸುತ್ತು ಅಪ್ಪಿಕೊಳ್ಳುವುದರಿಂದ ಐದು ಹಲ್ಲು ಹೆಚ್ಚಾದರೆ ಎರಡೂವರೆ ಕೊಂಡಿಗಳ, ಅಂದರೆ ಒಂದೂಕಾಲು ಇಂಚಿನ ಬೇಡಿಕೆ ಹೆಚ್ಚುತ್ತದೆ. ಜೊತೆಗೆ ಸವೆದ ಚೈನು ಉದ್ದವಾಗಿರುತ್ತದೆ: ಶೇಕಡಾ 0.75ರಷ್ಟು ಸವೆದಿದ್ದರೆ ಇಡೀ ಉದ್ದದಲ್ಲಿ ಹತ್ತು ಮಿ.ಮೀ.ಗೂ ಮೀರಿದ ವ್ಯತ್ಯಾಸ ಬರುತ್ತದೆ. ಹಳೆಯದನ್ನು ಮಾದರಿಯಾಗಿ ಬಳಸಲೇಬೇಕಾದವರು ಉದ್ದವನ್ನು ಬಿಟ್ಟು ಕೊಂಡಿಗಳನ್ನು ಎಣಿಸುವುದು ಒಳಿತು.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಬಳಕೆಯಲ್ಲಿರುವ ಸೂತ್ರ ಸರಳವಾಗಿದೆ: ಪೆಡಲಿನ ತೋಳುಗಳು (ಕ್ರ್ಯಾಂಕ್) ತಿರುಗುವ ಅಚ್ಚಿನ ನಡುವಿನಿಂದ ಹಿಂದಿನ ಚಕ್ರದ ಅಚ್ಚಿನ ನಡುವಿಗೆ ಇರುವ ದೂರವನ್ನು ಇಂಚುಗಳಲ್ಲಿ ಅಳೆದು ದುಪ್ಪಟ್ಟು ಮಾಡಿ, ಅದಕ್ಕೆ ಮುಂದಿನ ದೊಡ್ಡ ರಿಂಗಿನ ಹಲ್ಲುಗಳ ಕಾಲುಭಾಗವನ್ನೂ ಹಿಂದಿನ ಅತಿದೊಡ್ಡ ಹಲ್ಲುಚಕ್ರದ ಹಲ್ಲುಗಳ ಕಾಲುಭಾಗವನ್ನೂ ಕೂಡಿಸಿ, ಕೊನೆಗೆ ಡಿರೈಲರಿನ ಅಂಕುಡೊಂಕು ಹಾದಿಗೆಂದು ಒಂದು ಇಂಚು ಸೇರಿಸಬೇಕು. ನನ್ನ ಫ್ರೇಮಿನಲ್ಲಿ ಆ ದೂರ 435 ಮಿ.ಮೀ., ಅಂದರೆ 17.125 ಇಂಚು. ದುಪ್ಪಟ್ಟು 34.25, ರಿಂಗಿನಿಂದ 8, ಕ್ಯಾಸೆಟ್ಟಿನಿಂದ 12.75, ಮೇಲೊಂದು ಇಂಚು. ಒಟ್ಟು ಸರಿಯಾಗಿ 56 ಇಂಚು. ಗೇರುಗಳ ಸಂಖ್ಯೆ ಎಷ್ಟೇ ಇರಲಿ, ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು ಎಂಬ ಅಂತರ ಬದಲಾಗುವುದಿಲ್ಲ, ಹನ್ನೆರಡು ಗೇರಿನ ಚೈನು ಅಗಲದಲ್ಲಷ್ಟೇ ಕಿರಿದು. ಹಾಗಾಗಿ 56 ಇಂಚು ಎಂದರೆ 112 ಕೊಂಡಿಗಳು. ರಿಂಗೂ ಕ್ಯಾಸೆಟ್ಟೂ ಗಾತ್ರದಲ್ಲಿ ಇಷ್ಟು ಭಿನ್ನವಾಗಿರುವಾಗ ಚೈನು ಓರೆಯಾಗಿ ಸಾಗುವುದನ್ನು ಈ ಸೂತ್ರ ಗಣಿಸುವುದಿಲ್ಲ, ಆದರೆ ಅದರಿಂದ ಬರುವ ವ್ಯತ್ಯಾಸ ಇಂಚಿನ ಎಂಟನೆಯ ಒಂದು ಭಾಗದಷ್ಟೇ.

ನಿಜವಾದ ವ್ಯತ್ಯಾಸ ತೋರಿದ್ದು ಸಸ್ಪೆನ್ಷನ್ನನ್ನು ಅಮುಕಿ ಅಳೆದಾಗ. ಹಿಂಬದಿಯ ತೋಳು ಮೇಲಕ್ಕೆ ಸರಿಯುವಾಗ ಚಕ್ರದ ಅಚ್ಚು ಸ್ವಲ್ಪ ಹಿಂದಕ್ಕೂ ಹೋಗುವ ವಿನ್ಯಾಸಗಳಲ್ಲಿ ಎರಡು ಅಚ್ಚುಗಳ ನಡುವಿನ ದೂರ ಹೆಚ್ಚುತ್ತದೆ, ಮತ್ತು ಆ ಹೆಚ್ಚಳವನ್ನು ಚೈನಿನ ಮೇಲಿನ ಎಳೆಯೂ ಕೆಳಗಿನ ಎಳೆಯೂ ಎರಡೂ ಭರಿಸಬೇಕಾಗುತ್ತದೆ. ಶಾಕ್‌ನ ಗಾಳಿಯ ಒತ್ತಡವನ್ನು ಗುರುತು ಹಾಕಿಕೊಂಡು, ಗಾಳಿಯನ್ನು ನಿಧಾನವಾಗಿ ಬಿಟ್ಟು, ಬೈಕನ್ನು ಸ್ಟ್ಯಾಂಡಿಗೆ ಏರಿಸಿ ಸಸ್ಪೆನ್ಷನ್ ತಳ ಮುಟ್ಟುವವರೆಗೆ ಚಕ್ರವನ್ನು ಮೇಲಕ್ಕೆ ಒತ್ತಿ ಪಟ್ಟಿಯಿಂದ ಬಿಗಿದೆ. ಸ್ಪ್ರಿಂಗಿನ ಶಾಕ್ ಇದ್ದವರು ಸ್ಪ್ರಿಂಗನ್ನೇ ತೆಗೆಯಬೇಕಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಗರಿಷ್ಠ ದೂರ ಪಯಣದ ನಡುವೆಯೇ ಬಂದು ಮತ್ತೆ ಕಡಿಮೆಯಾಗುವುದರಿಂದ ತಳದಲ್ಲಿ ಮಾತ್ರ ಅಳೆದರೆ ಸಾಲದು. ನನ್ನದರಲ್ಲಿ ಕೊನೆಯವರೆಗೂ ಏರುತ್ತಲೇ ಹೋಗಿ 453 ಮಿ.ಮೀ.ಗೆ ನಿಂತಿತು. ಹದಿನೆಂಟು ಮಿ.ಮೀ. ಎಂದರೆ ಸಣ್ಣದೆನ್ನಿಸಬಹುದು, ಆದರೆ ಎರಡೂ ಎಳೆಗಳಿಗೆ ಸೇರಿ ಅದು 36 ಮಿ.ಮೀ., ಒಂದು ಇಂಚಿಗಿಂತ ಗಣನೀಯವಾಗಿ ಹೆಚ್ಚು. ಸೂತ್ರ ಧಾರಾಳವಾಗಿ ಕೊಟ್ಟಿದ್ದ ಆ ಒಂದು ಇಂಚು ಇಲ್ಲಿ ಪೂರ್ತಿ ಖರ್ಚಾಗಿ ಇನ್ನೂ ಸಾಲ ಉಳಿಯುತ್ತದೆ: ಈ ಸ್ಥಿತಿಯಲ್ಲಿ ಡಿರೈಲರನ್ನು ಬಿಟ್ಟು ರಿಂಗು ಮತ್ತು 51 ಹಲ್ಲಿನ ಚಕ್ರವನ್ನು ಬರಿದೆ ಸುತ್ತುವುದಕ್ಕೇ ಸುಮಾರು 56.5 ಇಂಚು ಬೇಕು. 112 ಕೊಂಡಿಗಳ ಚೈನು ಸ್ಟ್ಯಾಂಡಿನ ಮೇಲೆ ಎಲ್ಲ ಗೇರುಗಳಲ್ಲೂ ಚೆನ್ನಾಗಿ ಓಡಿ, ಅತಿ ಹಗುರ ಗೇರಿನಲ್ಲಿ ದೊಡ್ಡದೊಂದು ಏಟು ಬಿದ್ದ ದಿನ ಡಿರೈಲರನ್ನೋ ಹ್ಯಾಂಗರನ್ನೋ ಕಿತ್ತುಬಿಡುತ್ತಿತ್ತು.

ಆದ್ದರಿಂದ ಸಸ್ಪೆನ್ಷನ್ ಅಮುಕಿದ ಸ್ಥಿತಿಯಲ್ಲೇ, ಡಿರೈಲರನ್ನು ಬಿಟ್ಟು, ಚೈನನ್ನು ಸುತ್ತಿ ನೋಡಿದೆ. ತುದಿಗಳನ್ನು ಹಿಡಿದಿಡಲು ಹಳೆಯ ಸ್ಪೋಕೊಂದನ್ನು ಎರಡೂ ಕಡೆ ಬಾಗಿಸಿದ ಕೊಕ್ಕೆ ಸಾಕಾಗುತ್ತದೆ. ಕಿರಿದಾದ ಒಳಕೊಂಡಿ, ಅಗಲವಾದ ಹೊರಕೊಂಡಿ ಸರತಿಯಲ್ಲಿ ಬರುವುದರಿಂದ ಉದ್ದವನ್ನು ಜೋಡಿಯಾಗಿ, ಒಂದೊಂದು ಇಂಚಿನಂತೆ ಮಾತ್ರ ಬದಲಿಸಲು ಸಾಧ್ಯ. ಹತ್ತಿರದ ಜೋಡಣೆ 114 ಕೊಂಡಿಗಳಿಗೆ ಸಿಕ್ಕಿತು, ಅದಕ್ಕೆ ಒಂದು ಜೋಡಿ ಸೇರಿಸಿ 116 ಎಂದು ನಿಗದಿಪಡಿಸಿದೆ. ಎಷ್ಟು ಕೊಂಡಿ ಸೇರಿಸಬೇಕೆಂಬುದರಲ್ಲಿ ಎಲ್ಲ ಡಿರೈಲರುಗಳ ಕೈಪಿಡಿಗಳು ಒಂದೇ ಮಾತು ಹೇಳುವುದಿಲ್ಲ. ಸೂತ್ರಕ್ಕಿಂತ ಕೈಪಿಡಿ ಮೇಲು, ಆದರೆ ಕೈಪಿಡಿಯ ನಂತರವೂ ಅಮುಕಿ ನೋಡುವುದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಕತ್ತರಿಸುವ ಕೆಲಸ ಬೇಗ ಮುಗಿಯಿತು. ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕ್ ಹೊರಕೊಂಡಿಯ ಸ್ಥಾನವನ್ನು ತುಂಬುವುದರಿಂದ ಎರಡೂ ತುದಿಗಳಲ್ಲಿ ಒಳಕೊಂಡಿ ಬರುವಂತೆ 115 ಉಳಿಸಿ, ಪಿನ್ನನ್ನು ಪೂರ್ತಿ ಹೊರಕ್ಕೆ ನೂಕಿದೆ. ಡಿರೈಲರಿನ ತೋಳನ್ನು ಬಿಗಿಯಾಗಿ ಹಿಡಿದಿಡುವ ಕ್ಲಚ್ ಆಫ್ ಮಾಡಿ ಚೈನನ್ನು ಹಾಯಿಸುವಾಗ ರಿಂಗಿನ ಅಗಲವಾದ ಹಲ್ಲುಗಳು ಹೊರಕೊಂಡಿಗಳಲ್ಲೇ ಕೂರುವಂತೆ ನೋಡಿಕೊಂಡೆ. ಕ್ವಿಕ್ ಲಿಂಕನ್ನು ಮೇಲಿನ ಎಳೆಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ತುಳಿದಾಗ ಅದು ಟಕ್ಕೆಂದು ಕೂತಿತು.

ಇನ್ನೊಂದು ತುದಿಯ ಪರೀಕ್ಷೆ 10 ಹಲ್ಲಿನ ಚಕ್ರದ್ದು. ಇದನ್ನು ಸಸ್ಪೆನ್ಷನ್ ಪೂರ್ತಿ ಚಾಚಿದ ಸ್ಥಿತಿಯಲ್ಲಿ ಮಾಡಬೇಕು, ಏಕೆಂದರೆ ಸಡಿಲ ಅತಿ ಹೆಚ್ಚಾಗುವುದು ಅಲ್ಲೇ. ಡಿರೈಲರಿನ ಎರಡು ಪುಲ್ಲಿಗಳನ್ನು (ಚೈನು ಹಾಯುವ ಸಣ್ಣ ಗಾಲಿಗಳನ್ನು) ಹೊತ್ತ ಕೇಜ್ ಹಿಂದಕ್ಕೆ ಮಡಚಿಕೊಂಡಿದ್ದರೂ ಇನ್ನೂ ಎಳೆತ ಉಳಿದಿದೆ, ಕೆಳಗಿನ ಎಳೆ ಜೋತುಬಿದ್ದಿಲ್ಲ, ಮೇಲಿನ ಪುಲ್ಲಿಯ ಬಳಿ ಚೈನಿಗೆ ಚೈನು ತಾಗುತ್ತಿಲ್ಲ. ಶಾಕ್‌ಗೆ ಮೊದಲಿನ ಒತ್ತಡ ತುಂಬಿ, ಸವಾರ ಕೂತಾಗ ಆಗುವಷ್ಟೇ ಸಸ್ಪೆನ್ಷನ್ನನ್ನು ಇಳಿಸಿ, ಮೇಲಿನ ಪುಲ್ಲಿಗೂ 51 ಹಲ್ಲಿನ ಚಕ್ರಕ್ಕೂ ಇರುವ ಅಂತರವನ್ನು ಬಿ-ಸ್ಕ್ರೂವಿನಿಂದ ಹೊಂದಿಸಿದೆ. ಚೈನಿನ ಉದ್ದ ನಿಶ್ಚಯವಾಗುವ ಮೊದಲು ಆ ಸ್ಕ್ರೂವನ್ನು ಮುಟ್ಟಿ ಪ್ರಯೋಜನವಿರಲಿಲ್ಲ.

ಮುಂದೆ 34 ಹಲ್ಲಿನ ರಿಂಗ್ ಹಾಕುವ ಯೋಚನೆಯಿದೆ. ಅದಕ್ಕೆ ಅರ್ಧ ಇಂಚು ಹೆಚ್ಚು ಬೇಕಾಗಿ, ಪೂರ್ತಿ ಅಮುಕಿದಾಗ ಡಿರೈಲರಿಗೆ ಉಳಿಯುವುದು ಒಂದು ಇಂಚಿಗೂ ಕಡಿಮೆ. ಆಗ ಚೈನು 118 ಕೊಂಡಿಗಳದ್ದಾಗಬೇಕು. ತೆಗೆದ ತುಂಡಿನ ಒಂದು ಒಳಕೊಂಡಿ ಮತ್ತು ಇನ್ನೊಂದು ಕ್ವಿಕ್ ಲಿಂಕ್ ಸೇರಿದರೆ ಆ ಜೋಡಿ ಸಿಗುತ್ತದೆಯಾದ್ದರಿಂದ ತುಂಡನ್ನು ಎಸೆದಿಲ್ಲ.